ಕಳೆದ ಆಘಾತ, ಇಂದಿನ ಹೆದರಿಕೆ: ‘ಟ್ರಿಗರ್’ ಎಂದರೇನು? ಅದರ ಜೊತೆ ಬದುಕುವುದು ಹೇಗೆ?

ಉಪ್ಪಳದಲ್ಲಿ ಹೆದ್ದಾರಿ ಬದಿಯಲ್ಲಿ ನನ್ನದೊಂದು ಸಣ್ಣ ಪಾತ್ರೆ, ಪ್ಲಾಸ್ಟಿಕ್ ಸಾಮಾನಿನ ಅಂಗಡಿ. ಕಾಸರಗೋಡು ಕಡೆಯಿಂದ ಮಂಗಳೂರಿನ ಆಸ್ಪತ್ರೆಗಳಿಗೆ ಹೋಗುವ ಆಂಬುಲೆನ್ಸ್‌ಗಳು ದಿನಕ್ಕೆ ಹಲವು ಸಲ ಅಂಗಡಿ ಮುಂದೆಯೇ ಹಾದು ಹೋಗ್ತವೆ. 2020ರ ಲಾಕ್‌ಡೌನ್ ಶುರುವಾದಾಗ ತಲಪಾಡಿ ಗಡಿ ಮುಚ್ಚಿದ್ದು ನಿಮಗೆಲ್ಲ ನೆನಪಿರಬಹುದು. ಆ ದಿನಗಳಲ್ಲೇ ನನ್ನ ಉಪ್ಪನಿಗೆ ಎದೆನೋವು ಬಂತು. ಆಂಬುಲೆನ್ಸ್ ಗಡಿಯವರೆಗೆ ಹೋಯಿತು, ಅಲ್ಲಿಂದ ರಿವರ್ಸ್ ತೆಗೆದು ವಾಪಸ್ ಬಂತು. ಬೇರೆ ಆಸ್ಪತ್ರೆ ಮುಟ್ಟುವ ಮೊದಲೇ ಉಪ್ಪ ವಫಾತಾದರು. ತಪ್ಪು ಯಾರದು ಎಂದು ಹೇಳಲಿಕ್ಕೆ ಈ ಲೇಖನ ಅಲ್ಲ. ಆಮೇಲೆ ನನಗೆ ಏನಾಯಿತು, ನನ್ನ ಹಾಗೆ ಎಷ್ಟೋ ಜನರಿಗೆ ಏನಾಗ್ತದೆ ಎಂದು ಹೇಳಲಿಕ್ಕೆ.

ಸೈರನ್ ಕೇಳಿದರೆ ಅಂಗೈ ಬೆವರುವುದು, ಎದೆ ಡವಡವ ಹೊಡೆಯುವುದು, ಕೈಯಲ್ಲಿದ್ದ ಬಿಲ್ ಪುಸ್ತಕ ಯಾಕೆ ಹಿಡಿದೆ ಎಂದೇ ಮರೆತು ಹೋಗುವುದು. ಅದಕ್ಕಿಂತ ಕಷ್ಟ, ಮಾಲು ಇಳಿಸಲು ಬಂದ ಗಾಡಿ ರಿವರ್ಸ್ ಹಾಕುವಾಗ ಬರುವ ‘ಪೀಂ ಪೀಂ’ ಶಬ್ದ. ಹಾರ್ಟಿಂದೇ ತೊಂದರೆ ಎಂದು ತಿಳಿದು ಮೂರು ಸಲ ಇಸಿಜಿ ಮಾಡಿಸಿದೆ. ಮೂರೂ ನಾರ್ಮಲ್. ಮೂರನೇ ಸಲ ನೋಡಿದ ಡಾಕ್ಟರ್ ಕೇಳಿದರು: ‘ಇದು ಯಾವಾಗಿನಿಂದ? ಅದಕ್ಕೆ ಮೊದಲು ಎಂತಾದರೂ ಆಗಿತ್ತಾ?’ ಆ ಪ್ರಶ್ನೆಯನ್ನು ಅಷ್ಟರವರೆಗೆ ಯಾರೂ ಕೇಳಿರಲಿಲ್ಲ. ನಾನು ಓದಿದ್ದು ಬಿಕಾಂ, ವೈದ್ಯ ಅಲ್ಲ. ಚಿಕಿತ್ಸೆ ಪಡೆಯುವಾಗ ಕೇಳಿ ತಿಳಿದದ್ದು, ಓದಿ ತಿಳಿದದ್ದು ಇಲ್ಲಿದೆ.

ಆಘಾತ ಎಂದರೆ ಯಾವುದು?

ಜೀವಕ್ಕೆ ಅಪಾಯ ಬಂದ, ಅಥವಾ ಅಂಥದ್ದನ್ನು ಕಣ್ಣಾರೆ ಕಂಡ, ಅಥವಾ ತೀರಾ ಹತ್ತಿರದವರಿಗೆ ಆದದ್ದನ್ನು ಕೇಳಿದ ಅನುಭವಕ್ಕೆ ಮನೋವೈದ್ಯರು ಆಘಾತ ಎನ್ನುತ್ತಾರೆ. ರಸ್ತೆ ಅಪಘಾತ, ನೀರಲ್ಲಿ ಮುಳುಗಿ ಉಳಿದದ್ದು, ಹಲ್ಲೆ, ಗಲಭೆ, ಲೈಂಗಿಕ ದೌರ್ಜನ್ಯ, ಮನೆಯೊಳಗಿನ ಹೊಡೆತ, ಕಷ್ಟದ ಹೆರಿಗೆ, ಐಸಿಯುನಲ್ಲಿ ಕಳೆದ ದಿನಗಳು ಎಲ್ಲವೂ ಇದರಲ್ಲಿ ಬರ್ತದೆ.

ನಮ್ಮ ಊರುಗಳಿಗೆ ಇದು ಹೊಸದಲ್ಲ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆ ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಬಿತ್ತು. ಅದರಲ್ಲಿದ್ದ 166 ಮಂದಿಯಲ್ಲಿ 158 ಮಂದಿ ತೀರಿಹೋದರು, ಉಳಿದದ್ದು 8 ಮಂದಿ ಮಾತ್ರ. ಸತ್ತವರಲ್ಲಿ ಬಹಳ ಮಂದಿ ಕಾಸರಗೋಡು, ದಕ್ಷಿಣ ಕನ್ನಡದವರು. ಮನೆಯವರು ಏರ್‌ಪೋರ್ಟಿಗೆ ಕರಕೊಂಡು ಬರಲು ಹೋಗಿ, ಮಯ್ಯತ್ ಗುರುತು ಹಿಡಿಯಲು ನಿಲ್ಲಬೇಕಾಯಿತು. ಪರಿಹಾರದ ಲೆಕ್ಕ, ಡಿಎನ್‌ಎ ಟೆಸ್ಟ್, ತನಿಖೆ ಎಲ್ಲದರ ಬಗ್ಗೆ ಸುದ್ದಿ ಬಂತು. ಆ ಮನೆಗಳಲ್ಲಿ ಬೆಳಗ್ಗಿನ ಜಾವ ಫೋನ್ ಬಂದರೆ ಮನಸ್ಸಿಗೆ ಏನಾಗ್ತದೆ ಎಂಬುದರ ಬಗ್ಗೆ ಮಾತಾಡಿದ್ದು ಕಡಿಮೆ.

ಒಂದು ಸಮಾಧಾನದ ವಿಷಯವೂ ಉಂಟು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನ ಸುಮಾರು 70 ಶೇಕಡಾ ಜನ ಬದುಕಿನಲ್ಲಿ ಒಮ್ಮೆಯಾದರೂ ಇಂಥ ಘಟನೆ ಎದುರಿಸುತ್ತಾರೆ. ಹಾಗೆ ಎದುರಿಸಿದವರಲ್ಲಿ ಕಾಯಿಲೆಯ ಮಟ್ಟಕ್ಕೆ ಹೋಗುವವರು 5.6 ಶೇಕಡಾ ಮಾತ್ರ. ಹೆಚ್ಚಿನವರು ದಿನ ಹೋದ ಹಾಗೆ ಸುಧಾರಿಸುತ್ತಾರೆ. ಸುಧಾರಿಸದೆ ಉಳಿದವರು ದುರ್ಬಲರು ಎಂದು ಇದರ ಅರ್ಥ ಅಲ್ಲ. ಒಂದೇ ಮಳೆಗೆ ನೆನೆದವರಲ್ಲಿ ಕೆಲವರಿಗೆ ಜ್ವರ ಬರ್ತದೆ, ಕೆಲವರಿಗೆ ಬರುವುದಿಲ್ಲ, ಹಾಗೆ.

ಟ್ರಿಗರ್: ಒಳಗಿನ ಹಳೆಯ ಅಲಾರಂ

ನಮ್ಮ ಮೆದುಳಿನಲ್ಲಿ ಅಮಿಗ್ಡಾಲಾ ಎಂಬ ಸಣ್ಣ ಭಾಗ ಇದೆ. ಅಪಾಯ ಕಂಡ ಕೂಡಲೇ ಅಲಾರಂ ಹೊಡೆಯುವುದು ಅದರ ಕೆಲಸ. ಅಲಾರಂ ಹೊಡೆದರೆ ಅಡ್ರಿನಲಿನ್ ರಕ್ತಕ್ಕೆ ಸೇರ್ತದೆ. ಎದೆಬಡಿತ ಏರ್ತದೆ, ಉಸಿರು ಜೋರಾಗ್ತದೆ, ಕೈಕಾಲು ಬಿಗಿಯಾಗ್ತದೆ. ದೇಹ ಓಡಲಿಕ್ಕೆ ಅಥವಾ ಎದುರಿಸಲಿಕ್ಕೆ ತಯಾರಾಗುವುದು ಇದು. ಕೆಲವರಲ್ಲಿ ಇದೂ ಅಲ್ಲ, ಅದೂ ಅಲ್ಲ, ದೇಹ ಮರಗಟ್ಟಿ ಹೋಗ್ತದೆ. ಆಮೇಲೆ ‘ನಾನು ಯಾಕೆ ಕೂಗಲಿಲ್ಲ, ಯಾಕೆ ಓಡಲಿಲ್ಲ’ ಎಂದು ಜೀವನವಿಡೀ ತಮ್ಮನ್ನೇ ಬೈದುಕೊಳ್ಳುತ್ತಾರೆ. ಅದು ಅವರು ಬೇಕೆಂದು ಮಾಡಿದ್ದಲ್ಲ.

ಮಾಮೂಲಿ ನೆನಪಿಗೆ ತಾರೀಕು ಇರ್ತದೆ. ‘ಇದು ಆಗಿ ಹೋಯಿತು’ ಎಂದು ಮೆದುಳಿಗೆ ಗೊತ್ತಿರ್ತದೆ. ಹಾಗೆ ತಾರೀಕು ಹಾಕಿ ಇಡುವ ಕೆಲಸದಲ್ಲಿ ಹಿಪ್ಪೋಕ್ಯಾಂಪಸ್ ಎಂಬ ಇನ್ನೊಂದು ಭಾಗದ ಪಾಲು ದೊಡ್ಡದು. ತೀರಾ ಹೆದರಿಕೆಯ ಹೊತ್ತಿನಲ್ಲಿ ಆ ಕೆಲಸ ಸರಿಯಾಗಿ ನಡೆಯುವುದಿಲ್ಲ. ಶಬ್ದ, ವಾಸನೆ, ಬೆಳಕು ಬಿಡಿಬಿಡಿ ಚೂರುಗಳಾಗಿ ಉಳಿಯುತ್ತವೆ. ವರ್ಷ ಕಳೆದ ಮೇಲೂ ಅದರಲ್ಲಿ ಒಂದು ಚೂರು ಎದುರಾದರೆ ಸಾಕು, ಅಲಾರಂ ಹೊಡೆಯುತ್ತದೆ. ಆ ಚೂರಿಗೇ ಟ್ರಿಗರ್ ಎಂದು ಹೆಸರು. ಬುದ್ಧಿಗೆ ‘ಇದು ಮಾಲಿನ ಗಾಡಿ’ ಎಂದು ಗೊತ್ತಿದ್ದರೂ ದೇಹ ಅದಕ್ಕೆ ಮೊದಲೇ ಹೊರಟಿರ್ತದೆ. ‘ಸುಮ್ಮನೆ ಯೋಚನೆ ಮಾಡಬೇಡ’ ಎಂದು ಹೇಳಿದರೆ ಉಪಯೋಗ ಆಗದಿರುವುದು ಇದಕ್ಕೇ.

ಟ್ರಿಗರ್ ಯಾವುದೂ ಆಗಬಹುದು:

– ಶಬ್ದ: ಸೈರನ್, ಬ್ರೇಕ್ ಹಾಕಿದ ಟಯರ್, ಪಟಾಕಿ, ಬಾಗಿಲು ಬಡಿಯುವುದು, ಯಾರೋ ಏರಿದ ಧ್ವನಿಯಲ್ಲಿ ಮಾತಾಡುವುದು.
– ವಾಸನೆ: ಪೆಟ್ರೋಲು, ಆಸ್ಪತ್ರೆಯ ಫಿನಾಯಿಲು, ಕರ್ಪೂರ, ಒಂದು ಅತ್ತರು.
– ಜಾಗ: ರಸ್ತೆಯ ಒಂದು ತಿರುವು, ಸೇತುವೆ, ಆಸ್ಪತ್ರೆಯ ಕಾರಿಡಾರ್.
– ತಾರೀಕು: ಅದೇ ತಿಂಗಳು, ಅದೇ ಮಳೆ, ಆಂಡಿನ ದಿನ. ಕಾರಣ ಗೊತ್ತಿಲ್ಲದೆ ಒಂದು ವಾರ ಮೊದಲೇ ನಿದ್ರೆ ಹಾಳಾಗುವವರಿದ್ದಾರೆ.
– ಫೋನ್: ಹೊತ್ತಲ್ಲದ ಹೊತ್ತಿನ ಕರೆ. ಗಲ್ಫಿನಲ್ಲಿದ್ದು ಉಮ್ಮನೋ ಉಪ್ಪನೋ ತೀರಿದ ಸುದ್ದಿ ಫೋನಲ್ಲೇ ಕೇಳಿ, ಜನಾಝಕ್ಕೂ ಬರಲಾಗದವರಿಗೆ ಆ ರಿಂಗ್‌ಟೋನೇ ಸಾಕು.
– ದೇಹ: ಮೆಟ್ಟಿಲು ಹತ್ತಿ ಎದೆ ಹೊಡೆದುಕೊಂಡರೂ ‘ಅವತ್ತಿನ ಹಾಗೆ’ ಅನಿಸಿ ಹೆದರಿಕೆ ಶುರುವಾಗಬಹುದು.

ಯಾವಾಗ ಇದು ಕಾಯಿಲೆ?

ಘಟನೆ ಆದ ಮೊದಲ ಕೆಲವು ವಾರ ನಿದ್ರೆ ಬರದಿರುವುದು, ಬೆಚ್ಚಿ ಬೀಳುವುದು, ಅಳು ಬರುವುದು ಸಹಜ. ಒಂದು ತಿಂಗಳು ದಾಟಿದ ಮೇಲೂ ಕಡಿಮೆಯಾಗದೆ, ಕೆಲಸಕ್ಕೂ ಮನೆಗೂ ತೊಂದರೆ ಮಾಡಿದರೆ ಅದನ್ನು ಪಿಟಿಎಸ್‌ಡಿ, ಅಂದರೆ ಆಘಾತೋತ್ತರ ಒತ್ತಡದ ಕಾಯಿಲೆ, ಎಂದು ಪರಿಶೀಲಿಸಬೇಕಾಗ್ತದೆ. ಈ ಹೆಸರು ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಗೆ ಸೇರಿದ್ದು 1980ರಲ್ಲಿ, ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಪಾಡು ಕಂಡ ಮೇಲೆ. ಆದರೆ ಸೈನಿಕರಿಗೆ ಮಾತ್ರ ಬರುವುದಲ್ಲ.

ಡಾಕ್ಟರುಗಳು ನಾಲ್ಕು ವಿಷಯ ನೋಡುತ್ತಾರೆ. ಒಂದು, ಬೇಡವೆಂದರೂ ನೆನಪು, ಕೆಟ್ಟ ಕನಸು ಮರುಕಳಿಸುವುದು. ಎರಡು, ನೆನಪು ತರುವ ಜಾಗ, ಜನ, ಮಾತು ಎಲ್ಲವನ್ನೂ ತಪ್ಪಿಸುವುದು. ಮೂರು, ‘ತಪ್ಪು ನನ್ನದೇ’, ‘ಯಾರನ್ನೂ ನಂಬಲಾಗದು’ ಎಂಬ ಯೋಚನೆ, ಮೊದಲು ಖುಷಿ ಕೊಟ್ಟದ್ದು ಈಗ ಬೇಡವಾಗುವುದು. ನಾಲ್ಕು, ಸದಾ ಕಾವಲು ನಿಂತ ಹಾಗೆ ಇರುವುದು, ನಿದ್ರೆ ಇಲ್ಲದಿರುವುದು, ಸಣ್ಣದಕ್ಕೂ ಸಿಟ್ಟು. ನಮ್ಮ ಗಂಡಸರಲ್ಲಿ ಹೆದರಿಕೆ ಹೊರಗೆ ಕಾಣುವುದು ಹೆಚ್ಚಾಗಿ ಈ ಸಿಟ್ಟಿನ ರೂಪದಲ್ಲೇ. ಮಕ್ಕಳಲ್ಲಿ ಬೇರೆ ರೀತಿ: ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾಗುವುದು, ಉಮ್ಮನನ್ನು ಬಿಟ್ಟಿರದಿರುವುದು, ಘಟನೆಯನ್ನೇ ಮತ್ತೆ ಮತ್ತೆ ಆಟವಾಗಿ ಆಡುವುದು.

ಒಂದು ಎಚ್ಚರಿಕೆ. ಎದೆನೋವು ಬಂದಾಗ ‘ಟೆನ್ಶನ್ ಇರಬೇಕು’ ಎಂದು ನೀವೇ ತೀರ್ಮಾನ ಮಾಡಬೇಡಿ. ನೋವು ಎಡಗೈಗೆ, ದವಡೆಗೆ ಹರಡಿದರೆ, ತಣ್ಣನೆ ಬೆವರು, ವಾಂತಿ ಬಂದರೆ, ನಡೆದಾಗ ಹೆಚ್ಚಾದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಹೃದಯ ಸರಿ ಇದೆ ಎಂದು ಡಾಕ್ಟರ್ ಹೇಳಿದ ಮೇಲೆಯೇ ಇದನ್ನು ಆತಂಕ ಎಂದು ಲೆಕ್ಕ ಹಾಕುವುದು.

ತಪ್ಪಿಸಿಕೊಂಡರೆ ಬೆಳೆಯುವ ಸಾಲ

ಟ್ರಿಗರ್ ಬಂದ ಕೂಡಲೇ ಅಲ್ಲಿಂದ ತಪ್ಪಿಸಿಕೊಂಡರೆ ಆ ಹೊತ್ತಿಗೆ ಹಾಯೆನಿಸುತ್ತದೆ. ಕಷ್ಟ ಇರುವುದೇ ಅಲ್ಲಿ. ‘ಓಡಿದ್ದಕ್ಕೇ ಉಳಿದೆ’ ಎಂದು ಮೆದುಳು ಕಲಿತುಕೊಳ್ತದೆ, ಮುಂದಿನ ಸಲ ಅಲಾರಂ ಇನ್ನೂ ಬೇಗ ಹೊಡೆಯುತ್ತದೆ. ಮೀಟರ್ ಬಡ್ಡಿಗೆ ಸಾಲ ತೆಗೆದ ಹಾಗೆ: ಇವತ್ತಿನ ಖರ್ಚು ಹೋಯಿತು, ನಾಳೆ ಕೊಡಬೇಕಾದ್ದು ಹೆಚ್ಚಾಯಿತು.

ನಾನು ಮೊದಲು ತಲಪಾಡಿ ದಾಟುವುದು ನಿಲ್ಲಿಸಿದೆ. ಮಂಗಳೂರಿನಿಂದ ತರುತ್ತಿದ್ದ ಮಾಲನ್ನು ಹೆಚ್ಚು ಬಾಡಿಗೆ ಕೊಟ್ಟು ತರಿಸಿದೆ. ಆಮೇಲೆ ಆಸ್ಪತ್ರೆಯಲ್ಲಿದ್ದ ಸಂಬಂಧಿಕರನ್ನು ನೋಡಲು ಹೋಗುವುದು ಬಿಟ್ಟೆ. ‘ಅವನಿಗೆ ಈಗ ದೊಡ್ಡಸ್ತಿಕೆ’ ಎಂದರು. ಕೊನೆಗೆ ಉಮ್ಮನ ಕಣ್ಣಿನ ಪೊರೆಯ ಆಪರೇಷನ್. ಮಂಗಳೂರಿಗೆ ಕರಕೊಂಡು ಹೋಗಬೇಕಿತ್ತು. ‘ಅಂಗಡಿ ಬಿಡಲಿಕ್ಕಾಗುವುದಿಲ್ಲ’, ‘ಮಳೆ ಕಳೆಯಲಿ’, ‘ನೋಂಬು ಕಳೆಯಲಿ’ ಎಂದು ಎರಡು ವರ್ಷ ದೂಡಿದೆ. ಒಂದು ದಿನ ಉಮ್ಮ ಚಾಯಕ್ಕೆ ಸಕ್ಕರೆ ಎಂದು ಉಪ್ಪು ಹಾಕಿ, ‘ನನಗೆ ಕಾಣುದಿಲ್ಲ ಮೋನೆ, ನಿನಗೆ ಪುರುಸೊತ್ತಾದಾಗ ಹೋಗುವ’ ಎಂದರು. ನನ್ನ ಹೆದರಿಕೆಯ ಬೆಲೆಯನ್ನು ಉಮ್ಮ ಕೊಡುತ್ತಿದ್ದಾರೆ ಎಂದು ನನಗೆ ಅವತ್ತು ಗೊತ್ತಾಯಿತು. ಮನೋವೈದ್ಯರ ಹತ್ತಿರ ಹೋದದ್ದು ಆಮೇಲೆ.

ಹಾಗಂತ ಎಲ್ಲವನ್ನೂ ಒಮ್ಮೆಲೇ ಎದುರಿಸಬೇಕೆಂದೂ ಅಲ್ಲ. ಹೊಡೆಯುವ ಗಂಡನಿಂದ ದೂರ ಇರುವುದು, ಹಲ್ಲೆ ಮಾಡಿದವನ ಎದುರು ಬೀಳದಿರುವುದು ರಕ್ಷಣೆ. ಅಪಾಯ ಈಗಲೂ ಇದ್ದರೆ ಮೊದಲು ಅದರಿಂದ ಹೊರಗೆ ಬರಬೇಕು. ಅಪಾಯ ಮುಗಿದ ಮೇಲೂ ಹೊಡೆಯುವ ಅಲಾರಂ ಬಗ್ಗೆ ಮಾತ್ರ ಈ ಮಾತು.

ಅಲಾರಂ ಹೊಡೆದ ಹೊತ್ತಿಗೆ ಎಂತ ಮಾಡುವುದು?

ಆತಂಕದ ಅಲೆ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿಗೆ ಏರಿ, ಆಮೇಲೆ ಇಳಿಯುತ್ತದೆ. ಎಷ್ಟೇ ಕಷ್ಟ ಆದರೂ ಅದರಿಂದ ಯಾರೂ ಸಾಯುವುದಿಲ್ಲ. ಇಳಿಯುವವರೆಗೆ ಹಿಡಿದುಕೊಳ್ಳಲಿಕ್ಕೆ ಕೆಲವು ದಾರಿ:

1. ಹೆಸರು ಹೇಳಿ. ‘ಇದು ಹಳೆಯ ಅಲಾರಂ. ಈಗ ನಾನು ಅಂಗಡಿಯಲ್ಲಿದ್ದೇನೆ. ಇವತ್ತು ಇಂಥ ವಾರ’ ಎಂದು ಮೆಲ್ಲ ಬಾಯಿಬಿಟ್ಟು ಹೇಳುವುದು.

2. ಉಸಿರು ಉದ್ದ ಬಿಡಿ. ನಾಲ್ಕು ಎಣಿಸುವವರೆಗೆ ಎಳೆದು, ಆರು ಎಣಿಸುವವರೆಗೆ ಬಿಡುವುದು. ಎಳೆಯುವುದಕ್ಕಿಂತ ಬಿಡುವುದು ಉದ್ದ ಇರಬೇಕು. ಜೋರು ಜೋರಾಗಿ ಉಸಿರು ಎಳೆದರೆ ತಲೆ ತಿರುಗುವುದು ಹೆಚ್ಚಾಗ್ತದೆ.

3. ಐದು–ನಾಲ್ಕು–ಮೂರು–ಎರಡು–ಒಂದು. ಕಣ್ಣಿಗೆ ಕಾಣುವ ಐದು, ಮುಟ್ಟಬಹುದಾದ ನಾಲ್ಕು, ಕೇಳುವ ಮೂರು, ಮೂಗಿಗೆ ಬರುವ ಎರಡು, ನಾಲಗೆಗೆ ಸಿಗುವ ಒಂದು. ನಾನು ಅಂಗಡಿಯ ಬಕೆಟುಗಳನ್ನು ಬಣ್ಣ ನೋಡಿ ಎಣಿಸ್ತೇನೆ.

4. ತಣ್ಣೀರು. ಮುಖಕ್ಕೆ, ಕೈಗೆ ತಣ್ಣೀರು ಹಾಕುವುದು. ಹಲವರಿಗೆ ವುಝೂ ಮಾಡಿದರೆ ಮನಸ್ಸು ಸ್ವಲ್ಪ ನಿಲ್ಲುತ್ತದೆ.

5. ಗಾಡಿ ಓಡಿಸುತ್ತಿದ್ದರೆ ಬದಿಗೆ ನಿಲ್ಲಿಸಿ. ಇದರಲ್ಲಿ ನಾಚಿಕೆ ಎಂತದೂ ಇಲ್ಲ.

ಚಾಯ, ಕಾಫಿ, ಸಿಗರೇಟು ಎದೆಬಡಿತ ಏರಿಸುತ್ತವೆ. ದಿನಕ್ಕೆ ಏಳೆಂಟು ಚಾಯ ಕುಡಿಯುವ ಅಂಗಡಿಯವರು ಅರ್ಧ ಮಾಡಿ ನೋಡಿ, ನನಗೆ ವ್ಯತ್ಯಾಸ ಗೊತ್ತಾಗಿದೆ.

ಒಂದು ಲೆಕ್ಕ ಪುಸ್ತಕ ಇಡಿ

ಇದು ನನಗೆ ಸುಲಭವಾದ ಕೆಲಸ. ತಾರೀಕು, ಹೊತ್ತು, ಏನು ಕೇಳಿತು ಅಥವಾ ಕಂಡಿತು, ಹತ್ತರಲ್ಲಿ ಎಷ್ಟು ಹೆದರಿಕೆ, ಎಷ್ಟು ನಿಮಿಷ, ನಾನೇನು ಮಾಡಿದೆ – ಆರು ಕಾಲಂ. ಒಂದು ತಿಂಗಳು ಬರೆದ ಮೇಲೆ ನೋಡಿದರೆ ‘ಯಾವಾಗಲೂ ಹೀಗೆ’ ಎಂದು ನಾನು ಹೇಳುತ್ತಿದ್ದದ್ದು ಸುಳ್ಳು ಎಂದು ತಿಳಿಯಿತು. ನಿದ್ರೆ ಕೆಟ್ಟ ಮರುದಿನ ಹೆಚ್ಚು, ಹೊಟ್ಟೆ ಖಾಲಿ ಇದ್ದಾಗ ಹೆಚ್ಚು, ಮಾರ್ಚ್ ತಿಂಗಳಲ್ಲಿ ಹೆಚ್ಚು. ಡಾಕ್ಟರ್ ಹತ್ತಿರ ಹೋಗುವಾಗ ಈ ಪುಸ್ತಕ ತೆಗೆದುಕೊಂಡು ಹೋದರೆ ಅವರಿಗೂ ಸುಲಭ.

ಚಿಕಿತ್ಸೆ ಹೇಗಿರುತ್ತದೆ?

ಮಾತಿನ ಚಿಕಿತ್ಸೆ ಮುಖ್ಯ. ಆಘಾತವನ್ನೇ ಕೇಂದ್ರವಾಗಿಟ್ಟ ಸಿಬಿಟಿ ಎಂಬ ವಿಧಾನ, ಕಣ್ಣಿನ ಚಲನೆ ಬಳಸುವ ಇಎಂಡಿಆರ್ ಎಂಬ ವಿಧಾನ – ಈ ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದೆ. ತಪ್ಪಿಸುತ್ತಿದ್ದ ವಿಷಯವನ್ನು ತಜ್ಞರ ಜೊತೆ ಮೆಟ್ಟಿಲು ಮೆಟ್ಟಿಲಾಗಿ ಎದುರಿಸುವ ಚಿಕಿತ್ಸೆಗೆ ಸಾಮಾನ್ಯವಾಗಿ 8ರಿಂದ 15 ಭೇಟಿ ಬೇಕಾಗ್ತದೆ. ನನ್ನ ಮೆಟ್ಟಿಲುಗಳು ಹೀಗಿದ್ದವು: ಮೊದಲು ಮೊಬೈಲಿನಲ್ಲಿ ಸೈರನ್ ಶಬ್ದ ಸಣ್ಣಗೆ ಕೇಳುವುದು, ಆಮೇಲೆ ಆಂಬುಲೆನ್ಸ್ ಬಂದಾಗ ಒಳಗೆ ಓಡದೆ ಕೌಂಟರಿನಲ್ಲೇ ನಿಲ್ಲುವುದು, ಬಸ್ಸಲ್ಲಿ ತಲಪಾಡಿವರೆಗೆ ಹೋಗಿ ಬರುವುದು, ಕೊನೆಗೆ ಮಂಗಳೂರು. ಪ್ರತಿಯೊಂದರಲ್ಲೂ ಹೆದರಿಕೆ ತಾನಾಗಿ ಇಳಿಯುವವರೆಗೆ ಅಲ್ಲೇ ಇರಬೇಕು. ತೀವ್ರ ಆಘಾತ ಇದ್ದವರು ಇದನ್ನು ಒಬ್ಬರೇ ಮಾಡಲು ಹೋಗಬಾರದು.

ಕೆಲವರಿಗೆ ಮಾತ್ರೆಯೂ ಬೇಕಾಗಬಹುದು. ಸರ್ಟ್ರಾಲಿನ್, ಪ್ಯಾರೊಕ್ಸಿಟಿನ್ ಗುಂಪಿನ ಮಾತ್ರೆಗಳ ಪರಿಣಾಮ ಕಾಣಲು ಕೆಲವು ವಾರ ಬೇಕು. ಸುಧಾರಿಸಿತು ಎಂದು ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು. ಮೆಡಿಕಲ್ ಶಾಪಿನಿಂದ ಪರಿಚಯದ ಮೇಲೆ ತರುವ ನಿದ್ರೆ ಮಾತ್ರೆ ಬೇರೆಯೇ. ಅದು ಅಭ್ಯಾಸ ಆಗಿಬಿಡುತ್ತದೆ, ಆಘಾತಕ್ಕೆ ಅದು ಮದ್ದಲ್ಲ.

ಮನೆಯವರು, ನೆಂಟರು ತಿಳಿಯಬೇಕಾದ್ದು

ಮಯ್ಯತ್ ಮನೆಗೆ ಬಂದವರು ಒಬ್ಬೊಬ್ಬರೂ ‘ಹೇಗಾಯಿತು, ನೀನು ಎಲ್ಲಿದ್ದೆ’ ಎಂದು ಕೇಳುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ. ಆದರೆ ಘಟನೆಯ ವಿವರವನ್ನು ಒತ್ತಾಯ ಮಾಡಿ ಹೇಳಿಸುವುದರಿಂದ ಉಪಕಾರ ಇಲ್ಲ. ಅವರಾಗಿ ಹೇಳಿದರೆ ಕೇಳಿ. ಇಲ್ಲದಿದ್ದರೆ ಒಂದು ಹೊತ್ತಿನ ಊಟ ತಂದುಕೊಡಿ, ಆಸ್ಪತ್ರೆಯ ಕಾಗದಪತ್ರ ಸರಿ ಮಾಡಿಕೊಡಿ, ಮಕ್ಕಳನ್ನು ನೋಡಿಕೊಳ್ಳಿ. ಅಪಘಾತದ ವಿಡಿಯೋ ಗ್ರೂಪಿಗೆ ಹಾಕುವ ಮೊದಲು ಆ ಗ್ರೂಪಿನಲ್ಲಿ ಯಾರಿದ್ದಾರೆ ಎಂದು ನೆನಪು ಮಾಡಿ.

‘ಇನ್ನೂ ಅದನ್ನೇ ಹಿಡಕೊಂಡಿದ್ದೀಯಾ?’ ಎನ್ನಬೇಡಿ. ಅಲಾರಂ ಹೊಡೆದವರ ಹತ್ತಿರ ಹಿಂದಿನಿಂದ ಬಂದು ಮುಟ್ಟಬೇಡಿ. ಎದುರಿನಿಂದ ಬಂದು, ಹೆಸರು ಹಿಡಿದು ಕರೆದು, ‘ನಾನಿದ್ದೇನೆ’ ಎಂದರೆ ಸಾಕು. ಹಾಗೆಂದು ಅವರ ಎಲ್ಲ ಕೆಲಸವನ್ನೂ ನೀವೇ ಮಾಡಿಕೊಟ್ಟರೆ ತಪ್ಪಿಸುವ ಅಭ್ಯಾಸ ಬೆಳೆಯುತ್ತದೆ. ಜೊತೆಗೆ ಹೋಗಿ, ಅವರ ಬದಲು ಹೋಗಬೇಡಿ.

ಈಮಾನಿನ ಕೊರತೆಯಾ?

ಈ ಮಾತು ನಾನೂ ಕೇಳಿದ್ದೇನೆ. ಯೂಸುಫ್ ನೆಬಿ ಕಾಣೆಯಾದ ದುಃಖದಲ್ಲಿ ಯಅ್‌ಖೂಬ್ ನೆಬಿಯವರ ಕಣ್ಣೇ ಹೋಯಿತು ಎಂದು ನಾವು ಮದ್ರಸದಲ್ಲೇ ಕಲಿತವರು. ಅವರ ಈಮಾನನ್ನು ಯಾರಾದರೂ ಪ್ರಶ್ನೆ ಮಾಡ್ತಾರಾ? ನಮಾಝ್, ದಿಕ್ರ್, ದುಆ ಮನಸ್ಸಿಗೆ ಬಲ ಕೊಡುತ್ತದೆ. ಮದ್ದು ಮಾಡಿಸಬೇಡಿ ಎಂದು ಅದು ಹೇಳುವುದಿಲ್ಲ. ಮಂತ್ರಿಸಿದ ನೀರು, ನೂಲು ಎಂದು ಊರೂರು ಸುತ್ತಿ ವರ್ಷ ಕಳೆಯುವ ಮನೆಗಳಿವೆ. ನಮ್ಮ ಜಮಾಅತಿನ ಉಸ್ತಾದರ ಹತ್ತಿರ ನಾನು ಹೇಳಿಕೊಂಡಾಗ ಅವರು ದುಆ ಮಾಡಿ, ‘ಡಾಕ್ಟರನ್ನು ಕಂಡಿದ್ದೀಯಾ?’ ಎಂದೇ ಕೇಳಿದರು.

ಎಲ್ಲಿ ಕೇಳುವುದು?

ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರ್ 10ರಂದು ಶುರುವಾಯಿತು. ನಂಬರ್ 14416. ದಿನದ 24 ಗಂಟೆಯೂ ಉಂಟು, ಹಣ ಇಲ್ಲ, ಕನ್ನಡದಲ್ಲೂ ಮಾತಾಡಬಹುದು. ಕೇರಳದಲ್ಲಿ ‘ದಿಶಾ’ ಸಹಾಯವಾಣಿ 1056 ಇದೆ. ಜಿಲ್ಲಾ ಮಾನಸಿಕ ಆರೋಗ್ಯ ಯೋಜನೆಯ ಕ್ಲಿನಿಕ್ ನಿಮ್ಮ ಹತ್ತಿರ ಯಾವ ದಿನ, ಎಲ್ಲಿ ಎಂದು ಪಿಎಚ್‌ಸಿಯಲ್ಲಿ ಅಥವಾ ಆಶಾ ಕಾರ್ಯಕರ್ತೆಯರ ಹತ್ತಿರ ಕೇಳಿ. ಮನಸ್ಸಿನ ಕಷ್ಟವನ್ನು ಗೊತ್ತಿಲ್ಲದ ಭಾಷೆಯಲ್ಲಿ ಹೇಳಲಾಗುವುದಿಲ್ಲ. ಗಡಿನಾಡಿನ ನಾವು ‘ಕನ್ನಡದಲ್ಲೋ ಬ್ಯಾರಿಯಲ್ಲೋ ಹೇಳಬಹುದಾ’ ಎಂದು ಕೇಳಲು ಸಂಕೋಚ ಪಡಬೇಕಾಗಿಲ್ಲ. ಬೇಕಾದರೆ ಭಾಷೆ ಬಲ್ಲ ಒಬ್ಬರನ್ನು ಜೊತೆಗೆ ಕರಕೊಂಡು ಹೋಗಿ.

ಬದುಕು ಬೇಡ ಎಂಬ ಯೋಚನೆ ಬಂದರೆ ನಾಳೆಗೆ ಇಡಬೇಡಿ. ಅವತ್ತೇ ಮನೆಯಲ್ಲಿ ಒಬ್ಬರಿಗೆ ಹೇಳಿ, 14416ಕ್ಕೆ ಕರೆ ಮಾಡಿ, ಅಥವಾ ಹತ್ತಿರದ ಆಸ್ಪತ್ರೆಗೆ ಹೋಗಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಆತ್ಮಹತ್ಯೆಗೆ ಪ್ರಯತ್ನ ಮಾಡಿದವರನ್ನು ತೀವ್ರ ಒತ್ತಡದಲ್ಲಿದ್ದವರು ಎಂದೇ ಕಾಣಬೇಕು. ಕೇಸಿನ ಹೆದರಿಕೆಯಿಂದ ಆಸ್ಪತ್ರೆಗೆ ಹೋಗದೆ ಇರಬಾರದು.

ಕೊನೆಗೆ

ಪೂರ್ತಿ ಗುಣ ಆಯಿತಾ ಎಂದು ಕೇಳುವವರಿದ್ದಾರೆ. ಸೈರನ್ ಕೇಳಿದರೆ ನನ್ನ ಎದೆ ಈಗಲೂ ಒಮ್ಮೆ ಹೊಡೆದುಕೊಳ್ತದೆ. ಮೊದಲು ಪುಸ್ತಕದಲ್ಲಿ ಹತ್ತಕ್ಕೆ ಒಂಬತ್ತು, ನಲವತ್ತು ನಿಮಿಷ ಎಂದು ಬರೆಯುತ್ತಿದ್ದೆ. ಈಗ ಮೂರು, ಎರಡು ನಿಮಿಷ. ಅಷ್ಟು ಹೊತ್ತು ಗಿರಾಕಿಗೆ ‘ಒಂದು ನಿಮಿಷ ಆಯ್ತಾ’ ಎಂದು ಹೇಳಿ, ಆಂಬುಲೆನ್ಸಿನೊಳಗೆ ಇರುವವರಿಗೆ ಒಂದು ದುಆ ಮಾಡಿ, ಬಿಲ್ ಬರೆಯಲು ಕೂತುಕೊಳ್ತೇನೆ. ಅಲಾರಂ ಪೂರ್ತಿ ನಿಲ್ಲಬೇಕು ಎಂದು ಕಾದರೆ ಬದುಕು ನಿಲ್ಲುತ್ತದೆ. ಅದು ಹೊಡೆದರೂ ನಮ್ಮ ಕೆಲಸ ನಡೆಯಬೇಕು, ಅಷ್ಟು ಸಾಧ್ಯ ಉಂಟು.

ಉಮ್ಮನ ಎರಡೂ ಕಣ್ಣಿನ ಆಪರೇಷನ್ ಆಗಿದೆ. ಎರಡು ಸಲವೂ ತಲಪಾಡಿ ದಾಟಿ ಕರಕೊಂಡು ಹೋದದ್ದು ನಾನೇ.